ಕುಲಪತಿಯ ಕೆಂಪು ಬೀಗ

೨೦೧೭ರ ಮಾರ್ಚ್ ೧೪, ಮಂಗಳವಾರ, ಬೆಳಗ್ಗೆ ೮ ಗಂಟೆ ೪೦ ನಿಮಿಷ. ಘಟಿಕೋತ್ಸವ ಶುರುವಾಗಲು ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷವಿತ್ತು. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಕುಲಪತಿ ಇರಬೇಕಾದದ್ದು ಅತಿಥಿಗಳ ಕೋಣೆಯಲ್ಲಿ, ಕೈಯಲ್ಲಿ ಹೂಗುಚ್ಛ ಹಿಡಿದು. ಇದ್ದದ್ದು ಸಭಾಂಗಣದ ಹಿಂದಿನ ಸ್ವಿಚ್ ರೂಮಿನಲ್ಲಿ, ಕೈಯಲ್ಲಿ ಹದಿನೇಳನೇ ನಂಬರಿನ ಸ್ಪ್ಯಾನರ್ ಹಿಡಿದು.

ಕ್ಯಾಂಪಸ್ಸಿಗೆಲ್ಲ ಆಕೆ ಫ್ಯೂಸಮ್ಮ. ಪಾಠ ಮಾಡುವ ಕಾಲದಲ್ಲಿ ಹುಡುಗರು ಇಟ್ಟ ಹೆಸರು. ತಪ್ಪು ಲೆಕ್ಕ ಕಂಡರೆ ಆಕೆ ಥಟ್ಟನೆ ಹಾರುತ್ತಿದ್ದರು, ಮರುಗಳಿಗೆ ತಣ್ಣಗಾಗುತ್ತಿದ್ದರು, ಅದಕ್ಕೆ. ಹೆಸರು ಕಿವಿಗೆ ಬಿದ್ದಾಗ ಬೇಜಾರು ಮಾಡಿಕೊಳ್ಳಲಿಲ್ಲ. "ಫ್ಯೂಸು ಹಾರೋದ್ರಿಂದಲೇ ಮನೆ ಉಳಿಯೋದು ಕಣ್ರೋ," ಎಂದಿದ್ದರು.

ಸರಿಯಾಗಿ ಹೇಳಬೇಕೆಂದರೆ ಅವರು ಹಂಗಾಮಿ ಕುಲಪತಿ. ಹಿಂದಿನವರು ಆರೋಗ್ಯ ಕೆಟ್ಟು ಬಿಟ್ಟುಹೋದ ಕುರ್ಚಿಯಲ್ಲಿ ಏಳು ತಿಂಗಳಿಂದ ಕೂತಿದ್ದರು. ಕಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯಲ್ಲಿ ಮೂವರು. ಒಬ್ಬರು ಹೌದು ಎಂದಾಗಿತ್ತು, ಒಬ್ಬರು ಬೇಡ ಎಂದಾಗಿತ್ತು. ಮೂರನೆಯವರು ಒಬ್ಬ ನಿವೃತ್ತ ನ್ಯಾಯಮೂರ್ತಿ. ಅವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇವತ್ತಿನ ಮುಖ್ಯ ಅತಿಥಿಯೂ ಅವರೇ. ಬೇಡ ಎಂದವರ ವಾದ ಬಲು ಸರಳ: "ಎಂಜಿನಿಯರ್ ಆಗಿ ಆಕೆ ಅಪ್ಪಟ ಚಿನ್ನ, ಒಪ್ಪಿದೆ. ಆದರೆ ಕುಲಪತಿಗೆ ಕಣ್ಣು, ಕಿವಿ ಇದ್ದರೆ ಸಾಕು, ಕೈ ಇರಬಾರದು. ಇವರ ಕೈ ಸುಮ್ಮನಿರೋದೇ ಇಲ್ಲ."

ಫ್ಯೂಸಮ್ಮನಿಗೆ ಆ ಕುರ್ಚಿ ಬೇಕಾಗಿತ್ತು. ಇಷ್ಟು ಬೇಕಾಗುತ್ತದೆಂದು ಅವರೇ ಅಂದುಕೊಂಡಿರಲಿಲ್ಲ. ಕೂತ ಮೊದಲ ವಾರ ಸಂಶೋಧನಾ ವಿದ್ಯಾರ್ಥಿಯೊಬ್ಬಳ ಅರ್ಜಿ ಹನ್ನೊಂದು ಸಹಿಗಾಗಿ ಹನ್ನೊಂದು ಮೇಜು ಸುತ್ತುತ್ತಿರುವುದನ್ನು ಕಂಡು ಅವರಿಗೆ ಸರಣಿಯಲ್ಲಿ ಜೋಡಿಸಿದ ಬಲ್ಬುಗಳ ನೆನಪಾಗಿತ್ತು: ಒಂದು ಕೆಟ್ಟರೆ ಎಲ್ಲವೂ ಕತ್ತಲೆ. ಹನ್ನೊಂದನ್ನು ಮೂರಕ್ಕೆ ಇಳಿಸಿದರು, ಆ ಮೂರನ್ನೂ ಅಕ್ಕಪಕ್ಕ ಜೋಡಿಸಿದರು. ಯಾರು ಮೊದಲು ಹಾಕಿದರೂ ಸರಿ. ಫೈಲುಗಳು ಓಡತೊಡಗಿದವು. ಅವು ಓಡುವುದನ್ನು ಎಂದೂ ಕಂಡಿರದ ಗುಮಾಸ್ತರೊಬ್ಬರು ಇವು ತಪ್ಪಿ ಬಂದಿರಬೇಕೆಂದು ವಾಪಸ್ಸು ಕಳಿಸಿದರು. ಆ ಸಂಜೆ ಫ್ಯೂಸಮ್ಮ ಮನೆಯಲ್ಲಿ ಕಾರಣವಿಲ್ಲದೆ ನಕ್ಕಿದ್ದೇ ನಕ್ಕಿದ್ದು. ಇಪ್ಪತ್ಮೂರನೇ ವಯಸ್ಸಿನಲ್ಲಿ ಸಬ್‌ಸ್ಟೇಷನ್ನಿನಲ್ಲಿ ಮೊದಲ ಸಲ ಹಿಡಿಕೆ ಮೇಲಕ್ಕೆತ್ತಿ ಇಡೀ ಊರಿಗೆ ಕರೆಂಟು ಬಿಟ್ಟಾಗ ಆಗಿದ್ದ ಪುಳಕವೇ ಅದು. ಅದು ಮತ್ತೊಮ್ಮೆ ಸಿಗುತ್ತದೆಂದು, ಅದೂ ಕುರ್ಚಿಯಲ್ಲಿ ಕೂತು ಸಿಗುತ್ತದೆಂದು, ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ಅದಕ್ಕೇ ಕುಲಸಚಿವರಿಗೆ ಮಾತು ಕೊಟ್ಟಿದ್ದರು, ಘಟಿಕೋತ್ಸವ ಮುಗಿಯುವವರೆಗೆ ಯಾವ ಉಪಕರಣವನ್ನೂ ಮುಟ್ಟುವುದಿಲ್ಲ ಎಂದು. ಆದರೆ ಹಿಂದಿನ ದಿನ ಸಭಾಂಗಣದ ಹಿಂದೆ ನಡೆದು ಹೋಗುವಾಗ ಮೂಗಿಗೆ ಬಿಸಿಯಾದ ಇನ್ಸುಲೇಷನ್ನಿನ ವಾಸನೆ ಬಡಿಯಿತು. ಮುಖ್ಯ ಪ್ಯಾನಲ್ಲಿನ ತಾಮ್ರದ ಪಟ್ಟಿಯೊಂದರ ಬೋಲ್ಟುಗಳು ಸಡಿಲವಾಗಿದ್ದವು. ಬೆಳಗ್ಗೆ ಎದ್ದಾಗಲೂ ಮೂಗಿನಲ್ಲಿ ಅದೇ ವಾಸನೆ. ನಾಯಿ ಬಾಲದ ಕಥೆ ಎಲ್ಲರಿಗೂ ಗೊತ್ತಿರುವುದೇ.

ಕೆಲಸಕ್ಕೆ ಕೈ ಹಾಕುವ ಮೊದಲು ಅವರು ಮುಖ್ಯ ಸ್ವಿಚ್ಚನ್ನು ಕೆಳಕ್ಕೆಳೆದು ಅದರ ಹಿಡಿಕೆಗೆ ತಮ್ಮ ಕೆಂಪು ಬೀಗ ಹಾಕಿದ್ದರು. ಬೀಗಕ್ಕೆ ಕಟ್ಟಿದ ಚೀಟಿಯಲ್ಲಿ ಅವರ ಫೋಟೊ, ಕೆಳಗೆ ಒಂದು ಸಾಲು: 'ಈ ಲೈನಿನಲ್ಲಿ ನಾನಿದ್ದೇನೆ.' ಒಂದೇ ಬೀಗ, ಒಂದೇ ಬೀಗದ ಕೈ. ಅದು ನೀಲಿ ಕೆಲಸದ ಕೋಟಿನ ಜೇಬಿಗೆ ಹೋಯಿತು.

ಬೀಗಕ್ಕೆ ಈಗ ಮೂವತ್ತೈದು ವರ್ಷ. ಮೊದಲ ದಿನ ಸಬ್‌ಸ್ಟೇಷನ್ನಿನ ಮೇಸ್ತ್ರಿ ಅದನ್ನು ಅವರ ಕೈಗಿಟ್ಟಿದ್ದ. ಮೇಸ್ತ್ರಿಗೆ ಹುಬ್ಬು ಇರಲಿಲ್ಲ. ಯಾರೋ ಅವಸರಗೇಡಿ ಸ್ವಿಚ್ಚು ಹಾಕಿದ ದಿನ ಸುಟ್ಟುಹೋದವು ಮತ್ತೆ ಬೆಳೆಯಲೇ ಇಲ್ಲ. "ಉಂಗುರ ಕಳ್ಕೊಂಡ್ರೂ ಪರವಾಗಿಲ್ಲ, ಇದನ್ನ ಕಳೀಬೇಡ ಮಗಳೇ," ಎಂದಿದ್ದ. "ಹಾಕಿದವರೇ ತೆಗೀಬೇಕು. ದೇವರೇ ಬಂದು ಹೇಳಿದ್ರೂ ಇನ್ನೊಬ್ಬರ ಬೀಗ ಮುಟ್ಬಾರ್ದು."

ಮುಂದೆ ಅವರು ಟ್ರಾನ್ಸ್‌ಫಾರ್ಮರ್ ಎಣ್ಣೆಯ ಮೇಲೆ ಸಂಶೋಧನೆ ಮಾಡಿ, ಡಾಕ್ಟರೇಟು ತೆಗೆದುಕೊಂಡು, ಪಾಠ ಮಾಡಲು ಬಂದಾಗ ಈ ಮಾತನ್ನೂ ಜೊತೆಗೆ ತಂದರು. ಎಂಜಿನಿಯರಿಂಗ್ ತರಗತಿಗೆ ದೇವರು ಯಾಕೆಂದು ಒಂದು ಪದ ಮಾತ್ರ ಬದಲಾಯಿಸಿದರು: "ಸ್ವತಃ ಕುಲಪತಿಯೇ ಬಂದು ಹೇಳಿದ್ರೂ ಇನ್ನೊಬ್ಬರ ಬೀಗ ಮುಟ್ಬಾರ್ದು." ಹುಡುಗರು ಪ್ರತಿ ವರ್ಷ ನಗುತ್ತಿದ್ದರು. ಆಗ ಕುಲಪತಿಯೆಂದರೆ ದೇವರಷ್ಟೇ ದೂರ.

"ಮೇಡಂ!" ಕುಲಸಚಿವರು ಬಾಗಿಲಲ್ಲಿ ಪ್ರತ್ಯಕ್ಷರಾದರು. "ನ್ಯಾಯಮೂರ್ತಿಗಳ ಕಾರು ಗೇಟಿಗೆ ಬಂತು!"

"ಇನ್ನೂ ಹೊತ್ತಿದೆಯಲ್ರೀ."

"ಅವರು ಬೇಗ ಬಂದು ಕೂತು, ಬೇರೆಯವರು ಎಷ್ಟು ತಡವಾಗಿ ಬರ್ತಾರೆ ಅಂತ ನೋಡೋ ಜಾತಿ. ಇದೇನಿದು ಕೈಯಲ್ಲಿ? ಮಾತು ಕೊಟ್ಟಿದ್ರಿ!"

"ಇನ್ನೊಂದೇ ಬೋಲ್ಟು."

"ಬೋಲ್ಟು ಅನ್ನೋ ಪದ ನನ್ನ ಮುಂದೆ ಎತ್ತಬೇಡಿ. ಬನ್ನಿ, ಬನ್ನಿ!"

ಫ್ಯೂಸಮ್ಮ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು, ಪ್ಯಾನಲ್ಲಿನ ಬಾಗಿಲು ಮುಚ್ಚಿ ಓಡಿದರು. ಅತಿಥಿಗಳ ಕೋಣೆಯ ಹೊರಗೆ ಅವರ ಗಂಡ ಘಟಿಕೋತ್ಸವದ ಗೌನು ಹಿಡಿದು ನಿಂತಿದ್ದರು. ಹಲ್ಲಿನ ಡಾಕ್ಟರು. ನೀಲಿ ಕೋಟು ಬಿಚ್ಚಿಸಿಕೊಂಡು, ಹೆಂಡತಿಯ ಬೆರಳುಗಳನ್ನು ಕರವಸ್ತ್ರದಿಂದ ಒರೆಸುತ್ತಾ ಹೇಳಿದರು: "ಮೂವತ್ತು ವರ್ಷ ಜನರ ಬಾಯೊಳಗೆ ಕೈ ಹಾಕಿದ್ದೀನಿ, ಒಂದು ದಿನವಾದ್ರೂ ಇಷ್ಟು ಕಪ್ಪಾಗಿದೆಯಾ?"

"ನಿಮ್ಮ ಪೇಷಂಟುಗಳು ಹಲ್ಲುಜ್ಜಿ ಬರ್ತಾರೆ. ನನ್ನ ಪ್ಯಾನಲ್ಲು ಉಜ್ಜಲ್ಲ."

ಗೌನು ಭರ್ಜರಿಯಾಗಿತ್ತು. ಜರಿ ಅಂಚು, ನೆಲ ಗುಡಿಸುವ ಉದ್ದ. ಜೇಬು ಮಾತ್ರ ಒಂದೂ ಇರಲಿಲ್ಲ.

ಮುಖ್ಯ ಸ್ವಿಚ್ಚಿಗೆ ಬೀಗ ಬಿದ್ದಾಗಿನಿಂದ ಸಭಾಂಗಣ ಜನರೇಟರಿನ ಮೇಲೆ ನಡೆಯುತ್ತಿತ್ತು. ಅದರ ಉಸ್ತುವಾರಿ ವಿಶ್ವವಿದ್ಯಾಲಯದ ವಿದ್ಯುತ್ ವಿಭಾಗದ ಎಂಜಿನಿಯರನದು. ಅವನೂ ಫ್ಯೂಸಮ್ಮನ ಶಿಷ್ಯನೇ. ತರಗತಿಯಲ್ಲಿ ಪಾಠ ಸರಾಗವಾಗಿ ಹರಿಯುತ್ತಿದ್ದಂತೆ "ಮೇಡಂ, ಒಂದ್ನಿಮಿಷ" ಎಂದು ನಿಲ್ಲಿಸುತ್ತಿದ್ದುದರಿಂದ ಅವನಿಗೆ ಬ್ರೇಕರ್ ಎಂದೇ ಹೆಸರು. ನಲವತ್ತು ದಾಟಿದ್ದರೂ ಹೆಸರು ಬಿಟ್ಟಿರಲಿಲ್ಲ, ಚಾಳಿಯೂ ಬಿಟ್ಟಿರಲಿಲ್ಲ. ಬೋಲ್ಟುಗಳ ಕೆಲಸ ಹತ್ತು ಗಂಟೆಗೆ ಮುಗಿದುಬಿಡುತ್ತದೆ ಎಂಬ ಲೆಕ್ಕದಲ್ಲಿ ಅವನು ಡೀಸೆಲ್ ಹಾಕಿಸಿದ್ದ. ಲೆಕ್ಕಕ್ಕಿಂತ ಜಾಸ್ತಿಯೇ ಹಾಕಿಸಿದ್ದ, ಹನ್ನೊಂದು ದಾಟುವವರೆಗೆ ಬಂತು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಫ್ಯೂಸಮ್ಮ ಎರಡು ಸಾವಿರ ಪದವೀಧರರ ಮುಂದೆ ನಿಂತು ಭಾಷಣದ ಕೊನೆಯ ಪುಟಕ್ಕೆ ಬಂದಿದ್ದರು. ಪಕ್ಕದಲ್ಲಿ ನ್ಯಾಯಮೂರ್ತಿಗಳು, ತೆಳ್ಳಗೆ, ನೆಟ್ಟಗೆ, ಸ್ಕೇಲು ನುಂಗಿದವರಂತೆ ಕೂತಿದ್ದರು. "ಪ್ರಿಯ ಪದವೀಧರರೇ," ಎಂದರು ಫ್ಯೂಸಮ್ಮ, ಕೈ ಮೇಲೆತ್ತಿ, "ಈ ಕ್ಷಣದಿಂದ ಬೆಳಕು ನಿಮ್ಮ ಜವಾಬ್ದಾರಿ!"

ಹೊರಗೆ ಜನರೇಟರು ಎರಡು ಸಲ ಕೆಮ್ಮಿತು. ದೀಪ, ಮೈಕು, ಏಸಿ, ಎಲ್ಲ ಒಟ್ಟಿಗೆ ಸತ್ತವು.

ಕಡುಗತ್ತಲೆಯೇನಲ್ಲ, ತೆರೆದ ಬಾಗಿಲುಗಳಿಂದ ಒಂದಿಷ್ಟು ಬೂದು ಬೆಳಕು ಬರುತ್ತಿತ್ತು. ಆ ಬೆಳಕಿನಲ್ಲಿ ಎರಡು ಸಾವಿರ ಜನ ಅರೆಕ್ಷಣ ಬಾಯಿ ತೆರೆದು ಕೂತರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಜವಾಬ್ದಾರಿ ವಾಪಸ್ ತಗೊಳ್ಳಿ ಮೇಡಂ!" ಸಭಾಂಗಣ ಭೋರ್ಗರೆಯಿತು.

ಫ್ಯೂಸಮ್ಮನಿಗೆ ಆಗ ನೆನಪಾಯಿತು. ಬೀಗ! ಹಿಡಿಕೆಯ ಮೇಲೆ ಬೀಗ ಹಾಗೇ ಇದೆ. ಕೈ ತಾನಾಗಿ ಜೇಬಿಗೆ ಹೋಯಿತು, ಜೇಬು ಎಲ್ಲಿದೆ? ಗೌನಿನ ಎರಡೂ ಬದಿ ತಡಕಿ, ಇಂಗು ತಿಂದ ಮಂಗನಂತಾಗಿ, ಕುಲಸಚಿವರ ಕಿವಿಯಲ್ಲಿ ಉಸುರಿದರು: "ಸ್ವಿಚ್ ರೂಮಿಗೆ ಓಡಿ. ಆ ಬೀಗ ಕತ್ತರಿಸಿ ಸ್ವಿಚ್ಚು ಹಾಕೋಕೆ ಬ್ರೇಕರಿಗೆ ಹೇಳಿ. ನನ್ನ ಆರ್ಡರು ಅನ್ನಿ."

ಕುಲಸಚಿವರು ಓಡಿದರು. ಐದು ನಿಮಿಷದಲ್ಲಿ ಬೆವರು ಸುರಿಸುತ್ತಾ ವಾಪಸ್ಸು ಬಂದರು.

"ಕತ್ತರಿಸಲ್ವಂತೆ."

"ಏನು?"

"ಗರಗಸ ಕೈಯಲ್ಲೇ ಇದೆ, ಆದ್ರೂ ಕತ್ತರಿಸಲ್ವಂತೆ. ಕುಲಪತಿಗಳ ಆರ್ಡರಯ್ಯ ಅಂದೆ. 'ಅದೇ ಸಾರ್, ಕುಲಪತಿಯೇ ಹೇಳಿದ್ರೂ ಮುಟ್ಬೇಡಿ ಅಂತ ಮೇಡಂ ಹೇಳಿದ್ದಾರೆ' ಅಂದ. ಆ ಮೇಡಮ್ಮೇ ಕಣಯ್ಯ ಈ ಕುಲಪತಿ ಅಂದೆ. 'ಗೊತ್ತು ಸಾರ್, ಅದಕ್ಕೇ ಮುಟ್ಟಲ್ಲ' ಅಂದ. ನನ್ನ ತಲೆ ಗಿರ್ ಅಂತಿದೆ ಮೇಡಂ. ಅವನು ನಿಮ್ಮ ಮಾತು ಮೀರ್ತಿದ್ದಾನೋ, ಕೇಳ್ತಿದ್ದಾನೋ?"

ಫ್ಯೂಸಮ್ಮನಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ನಗು ಬಂತು. ಎರಡೂ ಗಂಟಲಲ್ಲಿ ಸಿಕ್ಕಿಕೊಂಡು ಬಿಕ್ಕಳಿಕೆಯಾಯಿತು.

ಕುಲಸಚಿವರು ಇನ್ನೂ ಹತ್ತಿರ ಬಂದರು. "ಈಗ ನೋಡಿ, ಒಂದೇ ದಾರಿ. ಹೊರಗಡೆಯಿಂದ ಕರೆಂಟು ಹೋಗಿದೆ, ವಿದ್ಯುತ್ ಕಂಪನಿಯವರ ತಪ್ಪು ಅಂತ ಒಂದು ಮಾತು ಹೇಳಿಬಿಡಿ. ಯಾರಿಗೆ ಗೊತ್ತಾಗುತ್ತೆ? ನೀವು ಬೆಳಗ್ಗೆ ಸ್ಪ್ಯಾನರ್ ಹಿಡಿದಿದ್ರಿ ಅಂತ ಗೊತ್ತಾದ್ರೆ ಕುರ್ಚಿ ಹೋದ ಹಾಗೇ."

"ನಾನು ಕಿವಿ ಮುಚ್ಕೋಬೇಕಾ?" ಎಂದು ಪಕ್ಕದಿಂದ ಒಂದು ಒಣ ದನಿ ಕೇಳಿತು. ನ್ಯಾಯಮೂರ್ತಿಗಳು ಎದುರಿಗೇ ನೋಡುತ್ತಿದ್ದರು. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

ಹೊರಗಿನ ಲೈನಿನಲ್ಲಿ ಯಾವ ದೋಷವೂ ಇಲ್ಲವೆಂದು ಫ್ಯೂಸಮ್ಮನಿಗೆ ಗೊತ್ತಿತ್ತು. ಆ ಕಂಪನಿಯ ಯಾವುದೋ ಸಬ್‌ಸ್ಟೇಷನ್ನಿನಲ್ಲಿ ಈಗ ಇಪ್ಪತ್ಮೂರರ ಒಬ್ಬಳು ಕೂತಿರಬಹುದು, ಮಾಡದ ತಪ್ಪಿಗೆ ಬೈಸಿಕೊಳ್ಳಲು. ಬೇಡ. ಕುರ್ಚಿ ಹೋದರೆ ಹೋಗಲಿ. ಹಾಗೆಂದುಕೊಂಡ ತಕ್ಷಣ ಏಳು ತಿಂಗಳ ಭಾರ ಇಳಿದಂತಾಗಿ, ಮೈ ಹಗುರಾಗಿ, ತಲೆ ಜುಮ್ಮೆಂದಿತು. ವೇದಿಕೆಯ ಅಂಚಿಗೆ ಬಂದರು. ಮೈಕು ಯಾರಿಗೆ ಬೇಕು? ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವಿಕೆಯ ಮೇಲೆ ಕೂಗಿ ಕೂಗಿ ಪಳಗಿದ ಗಂಟಲದು.

"ಕೇಳಿ ಎಲ್ಲರೂ! ಕರೆಂಟು ಹೋಗಿಲ್ಲ. ನಾನೇ ಬೀಗ ಹಾಕಿ ಇಟ್ಟಿದ್ದೀನಿ. ಬೆಳಗ್ಗೆ ಪ್ಯಾನಲ್ಲಿನ ಬೋಲ್ಟು ಬಿಗಿ ಮಾಡ್ತಿದ್ದೆ, ಮಧ್ಯದಲ್ಲಿ ಬಿಟ್ಟು ಬಂದೆ, ಮರೆತೆ. ಬೀಗದ ಕೈ ನನ್ನ ನೀಲಿ ಕೋಟಿನ ಜೇಬಲ್ಲಿದೆ. ಕೋಟು ಯಾರ ಹತ್ರ ಇದೆ?"

ಆಮೇಲೆ ಚಪ್ಪಾಳೆಯೋ, ಶಿಳ್ಳೆಯೋ, ನಗೆಯೋ, ಏನೆಂದು ಬಿಡಿಸಿ ಹೇಳಲಾಗದ ಗದ್ದಲ. ಮೊದಲ ಸಾಲಿನಲ್ಲಿ ಹಲ್ಲಿನ ಡಾಕ್ಟರು ಎದ್ದು ನಿಂತು ತಮ್ಮ ಎರಡೂ ಕೈ ನೋಡಿಕೊಂಡರು, ಕುರ್ಚಿಯ ಕೆಳಗೆ ನೋಡಿದರು, ಕೊನೆಗೆ ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಅವರ ಅತ್ತೆ, ಅಂದರೆ ಕುಲಪತಿಗಳ ತಾಯಿ, ಎಂಬತ್ತಾರರ ಮುದುಕಿ, ಏಸಿಯ ಚಳಿಗೆ ಅಳಿಯ ಹೊದಿಸಿದ ಗ್ರೀಸು ಮೆತ್ತಿದ ನೀಲಿ ಕೋಟಿನೊಳಗೆ ಬೆಚ್ಚಗೆ ಕೂತಿದ್ದರು. ಕಿವಿ ಮಂದ. ಇಡೀ ಸಭಾಂಗಣ ತಮ್ಮ ಕಡೆ ತಿರುಗಿದ್ದು ಕಂಡು ಸಂಕೋಚದಿಂದ ಕೈ ಬೀಸಿದರು. ಚಪ್ಪಾಳೆ ಇಮ್ಮಡಿಯಾಯಿತು.

"ಅತ್ತೆ, ಬೀಗದ ಕೈ! ಕೋಟಿನ ಜೇಬಲ್ಲಿ!" ಅಳಿಯ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು.

"ಜೇಬಲ್ಲಿಲ್ಲ. ಬಿದ್ದು ಹೋಗುತ್ತೆ ಅಂತ ನಾನು ತೆಗೆದು ಎತ್ತಿಟ್ಟೆ."

"ಎಲ್ಲಿ ಅತ್ತೆ?"

"ಕನ್ನಡಕದ ಡಬ್ಬೀಲಿ."

"ಡಬ್ಬಿ ಎಲ್ಲಿ?"

"ಅದು ಕೋಟಿನ ಜೇಬಲ್ಲಿದೆ."

ಅಷ್ಟರಲ್ಲಿ ಫ್ಯೂಸಮ್ಮ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದಿದ್ದರು. ತಾಯಿ ಬೀಗದ ಕೈ ಕೊಡುವ ಮೊದಲು ಮಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇಷ್ಟು ಜನಕ್ಕೆ ಬುದ್ಧಿ ಹೇಳೋಕೆ ನಿಂತಿದ್ದೀಯ. ಒಂದು ಬೀಗದ ಕೈ ಜೋಪಾನ ಮಾಡೋಕಾಗಲ್ವೇನೇ?"

"ಆಗಲಿಲ್ಲಮ್ಮ," ಎಂದು ಫ್ಯೂಸಮ್ಮ ಅವರ ಕೆನ್ನೆಗೆ ಮುತ್ತಿಟ್ಟು ಓಡಿದರು. ಹಿಂದೆ ಕುಲಸಚಿವರು, ಅವರ ಹಿಂದೆ ಹಲ್ಲಿನ ಡಾಕ್ಟರು, ಅವರ ಹಿಂದೆ, ಯಾರೂ ಕರೆಯದಿದ್ದರೂ, ನ್ಯಾಯಮೂರ್ತಿಗಳು. "ಸ್ಥಳ ಪರಿಶೀಲನೆ," ಎಂದಷ್ಟೇ ಹೇಳಿದರು.

ಸ್ವಿಚ್ ರೂಮಿನಲ್ಲಿ ಬ್ರೇಕರ್ ಬೀಗದ ಮುಂದೆ ಕಾವಲು ನಿಂತಿದ್ದ, ಕೈಯಲ್ಲಿ ಗರಗಸ, ಮುಖದಲ್ಲಿ ಕೆಲಸ ಹೋಗುವುದು ಖಚಿತ ಎಂಬ ಕಳೆ.

"ಮೇಡಂ, ನೀವೇ ಹೇಳಿದ್ದು..."

"ಗೊತ್ತು. ಪಕ್ಕಕ್ಕೆ ಬಾ, ಟಾರ್ಚು ಹಿಡಿ." ಅವರು ಬೀಗಕ್ಕೆ ಕೈ ಹಾಕಲಿಲ್ಲ. ಬೀಗ ತೆಗೆಯುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ: ಒಳಗಿನ ಉಪಕರಣಗಳ ಎಣಿಕೆ. ಚೀಲದಲ್ಲಿ ಇಕ್ಕಳ ಇತ್ತು, ಸ್ಕ್ರೂಡ್ರೈವರ್ ಇತ್ತು, ಮೀಟರು ಇತ್ತು. ಸ್ಪ್ಯಾನರು ಇರಲಿಲ್ಲ. ಪ್ಯಾನಲ್ಲಿನ ಬಾಗಿಲು ತೆರೆದರು.

ಹದಿನೇಳರ ಸ್ಪ್ಯಾನರ್ ಎರಡು ತಾಮ್ರದ ಪಟ್ಟಿಗಳ ಮೇಲೆ, ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದ ಹಾಗೆ, ಅಡ್ಡಲಾಗಿ ಮಲಗಿತ್ತು.

ಅದರ ಅರ್ಥ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಬೀಗ ಕತ್ತರಿಸಿ ಸ್ವಿಚ್ಚು ಮೇಲೆತ್ತಿದ್ದರೆ, ಆ ಪಟ್ಟಿಗಳ ನಡುವೆ ಸಿಡಿಯುವ ಬೆಂಕಿ ಪ್ಯಾನಲ್ಲಿನ ಬಾಗಿಲನ್ನೇ ಕಿತ್ತು, ಎದುರು ನಿಂತವನ ಮುಖಕ್ಕೆ ಬಡಿಯುತ್ತಿತ್ತು. ಎದುರು ನಿಲ್ಲಬೇಕಾಗಿದ್ದವನು ಬ್ರೇಕರ್. ನಿಲ್ಲಿಸಹೊರಟವರು ತಾವು.

ಫ್ಯೂಸಮ್ಮ ನಿಧಾನವಾಗಿ ಕೈ ಚಾಚಿ, ಬ್ರೇಕರನ ಹುಬ್ಬುಗಳ ಮೇಲೆ, ಮೊದಲು ಎಡದ್ದು, ಆಮೇಲೆ ಬಲದ್ದು, ಬೆರಳಾಡಿಸಿದರು. ಪೊದೆಯಂಥ ಕಪ್ಪು ಹುಬ್ಬುಗಳು, ನಡುವೆ ಹೆಚ್ಚುಕಡಿಮೆ ಕೂಡಿಕೊಂಡಿದ್ದವು.

"ಎಷ್ಟು ಚಂದದ ಹುಬ್ಬು ಕಣೋ ನಿಂದು!" ಎಂದರು. ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಬಂತು. ತಡೆದರೂ ನಿಲ್ಲದ, ಗೋಡೆ ಹಿಡಿದುಕೊಂಡು ನಗಬೇಕಾದ ನಗು. ಬ್ರೇಕರನಿಗೂ ಅದು ಅಂಟಿತು. ಏನೂ ಅರ್ಥವಾಗದ ಹಲ್ಲಿನ ಡಾಕ್ಟರಿಗೂ ಅಂಟಿತು.

ನ್ಯಾಯಮೂರ್ತಿಗಳು ನಗು ಇಳಿಯುವವರೆಗೆ ಕಾದರು. ಸ್ಪ್ಯಾನರ್ ಅಲ್ಲಿ ಯಾಕೆ ಇರಬಾರದೆಂದು ಕೇಳಿ ತಿಳಿದರು. ನಂತರ, "ಕತ್ತರಿಸು ಅಂತ ಆರ್ಡರ್ ಕೊಟ್ಟವರು ಯಾರು?" ಎಂದರು.

"ನಾನು," ಎಂದರು ಫ್ಯೂಸಮ್ಮ.

"ಮೀರಿದವರು?"

"ನಾನು ಸಾರ್," ಎಂದ ಬ್ರೇಕರ್.

"ಇವರ ಮೇಲೆ ಕುಲಪತಿಗಳು ಏನು ಕ್ರಮ ತಗೋತೀರಿ?"

ಫ್ಯೂಸಮ್ಮ ಪಟ್ಟಿಗಳ ಮೇಲಿಂದ ಸ್ಪ್ಯಾನರನ್ನು ಎತ್ತಿಕೊಂಡರು. ಹಿಡಿ ಅವರ ಅಂಗೈಯ ಆಕಾರಕ್ಕೇ ಸವೆದಿತ್ತು. ಒಂದು ಗಳಿಗೆ ಹಿಡಿದಿದ್ದು ಬ್ರೇಕರನ ಕೈಗಿಟ್ಟರು. "ಇನ್ಮೇಲೆ ಇದು ನಿಂದು. ನಾನು ಕೇಳಿದ್ರೂ ಕೊಡಬೇಡ."

"ಕುಲಪತಿಯೇ ಬಂದು ಕೇಳಿದ್ರೂ?"

"ಕುಲಪತಿಯೇ ಬಂದು ಕೇಳಿದ್ರೂ. ಕುಲಸಚಿವರೇ, ನಾಳೆ ಒಂದು ಸುತ್ತೋಲೆ ಆಗಲಿ: ಸುರಕ್ಷತೆಯ ಕಾರಣ ಕೊಟ್ಟು ಕುಲಪತಿಯ ಆರ್ಡರನ್ನ ನಿಲ್ಲಿಸೋ ಹಕ್ಕು ಇಲ್ಲಿ ಕೆಲಸ ಮಾಡೋ ಎಲ್ಲರಿಗೂ ಇದೆ."

"ಎಲ್ಲರಿಗೂನಾ ಮೇಡಂ?" ಕುಲಸಚಿವರು ಕಂಗಾಲಾದರು.

"ನಿಮಗೂ. ಬೆಳಗ್ಗೆ ನೀವೂ ನಿಲ್ಲಿಸಬಹುದಿತ್ತು."

"ನಿಲ್ಲಿಸಿದ್ದೆನಲ್ಲ! ಬೋಲ್ಟು ಅನ್ನಬೇಡಿ ಅಂದಿದ್ದೆ!"

ನ್ಯಾಯಮೂರ್ತಿಗಳ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. "ಬೇಡ ಅಂತಿರೋ ನಮ್ಮ ಸದಸ್ಯರಿಗೆ ಹೇಳ್ತೀನಿ," ಎಂದರು, "ಆ ಕೈ ಈಗ ಖಾಲಿ ಆಗಿದೆ, ಮಾತು ಮಾತ್ರ ಪೊಳ್ಳಲ್ಲ ಅಂತ. ನನ್ನ ವೋಟು ಹೌದು. ಈಗ ಆ ಮಕ್ಕಳಿಗೆ ಬೆಳಕು ಕೊಡ್ತೀರೋ, ನಾನು ಕ್ಯಾಂಡಲ್ ತರಿಸ್ಲೋ?"

ಪ್ಯಾನಲ್ಲಿಗೆ ಕೈ ಹಾಕುವವನು ಈಗ ಬ್ರೇಕರ್, ಆದ್ದರಿಂದ ಮೊದಲು ಅವನು ತನ್ನ ಬೀಗ ಹಾಕಿದ. ಆಮೇಲೆ ಫ್ಯೂಸಮ್ಮ ತಮ್ಮದನ್ನು ತೆಗೆದರು. ಅವನು ಉಳಿದಿದ್ದ ಬೋಲ್ಟನ್ನು ಬಿಗಿಮಾಡುವಾಗ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕೈ ಎರಡು ಸಲ ಬಿಡಿಸಿಕೊಂಡು ಮುಂದೆ ಬಂತು, ಎರಡು ಸಲವೂ ಗಂಡ ಹಿಡಿದು ಹಿಂದಕ್ಕೆ ಸೇರಿಸಿದರು. ಉಪಕರಣಗಳನ್ನು ಮತ್ತೆ ಎಣಿಸಿ, ಪ್ಯಾನಲ್ಲಿನ ಬಾಗಿಲು ಮುಚ್ಚಿ, ಬ್ರೇಕರ್ ತನ್ನ ಬೀಗ ತೆಗೆದು ಸ್ವಿಚ್ಚು ಮೇಲೆತ್ತಿದ. ಗೋಡೆಯಾಚೆ ಎರಡು ಸಾವಿರ ಗಂಟಲುಗಳು ಒಟ್ಟಿಗೆ ಹೋ ಎಂದವು. ಫ್ಯೂಸಮ್ಮನ ಮೈ ಇಪ್ಪತ್ಮೂರರ ಹಾಗೆ ಜುಮ್ಮೆಂದಿತು.

ಪ್ಯಾನಲ್ಲಿನ ಮುಖದ ಮೇಲೆ ಒಂದು ಮೀಟರಿತ್ತು, ಅದು ನಾನೂರರ ಆಚೀಚೆ ತೋರಿಸಿದರೆ ಎಲ್ಲ ಸರಿಯಿದೆ ಎಂದರ್ಥ. ನ್ಯಾಯಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು, ತೀರ್ಪು ಓದುವ ದನಿಯಲ್ಲಿ ಅದನ್ನು ಓದಿದರು: ೪೧೨ ವೋಲ್ಟ್.